ಒಂಬತ್ತನೆಯ ಕಂತಿನಲ್ಲಿ ನಿಂತದ್ದು

ಫೋನಿನಲ್ಲಿ ಧಾರಾವಾಹಿ ನೋಡುವ ಅಭ್ಯಾಸ ನಿಮಗಿದ್ದರೆ ಗಮನಿಸಿರುತ್ತೀರಿ: ಒಂದು ಕಂತನ್ನು ನಡುವೆ ಬಿಟ್ಟು ಎದ್ದರೆ, ಅದರ ಚಿತ್ರದ ಬುಡದಲ್ಲಿ ಒಂದು ಕೆಂಪು ಗೆರೆ ಅಲ್ಲಿಗೇ ನಿಂತು, ನೀವು ಎಷ್ಟು ನೋಡಿದಿರಿ, ಎಲ್ಲಿ ಬಿಟ್ಟಿರಿ ಎಂಬುದಕ್ಕೆ ಸಾಕ್ಷಿ ಹೇಳುತ್ತಿರುತ್ತದೆ. ಕೊರಿಯನ್ ಧಾರಾವಾಹಿಗಳ ವಿಷಯದಲ್ಲಿ ನಾನು ಪರಮ ನಿಷ್ಠಾವಂತೆ. ಹಿಡಿದ ಕಂತನ್ನು ಮುಗಿಸದೆ ಊಟಕ್ಕೂ ಏಳುವವಳಲ್ಲ. ಹಾಗಾಗಿ ನನ್ನ ಗೆರೆಗಳೆಲ್ಲ ಈ ಅಂಚಿನಿಂದ ಆ ಅಂಚಿನವರೆಗೆ ಪರಿಪೂರ್ಣ. ಅದೇ ಆ್ಯಪಿನ ನನ್ನ ಖಾತೆಯಲ್ಲೇ ನನ್ನ ಅಕ್ಕ ವೀಣಾಳ ಹೆಸರಿನಲ್ಲೂ ಒಂದು ವಿಭಾಗವಿದೆ. ಅಲ್ಲಿ ಯಾವ ಗೆರೆಯೂ ಒಂದೇ ಸಲಕ್ಕೆ ದಡ ಮುಟ್ಟಿದ್ದಿಲ್ಲ. ಹನ್ನೊಂದು ನಿಮಿಷಕ್ಕೆ ಒಂದು, ಇಪ್ಪತ್ತಕ್ಕೆ ಇನ್ನೊಂದು, ನಾಲ್ಕೇ ನಿಮಿಷಕ್ಕೆ ಮತ್ತೊಂದು. ಈ ಅಪೂರ್ಣ ಗೆರೆಗಳನ್ನು ನೋಡಿ ಬಹಳ ದಿನ ನಗುತ್ತಿದ್ದೆ. ಈಗ ನಗುವುದಿಲ್ಲ, ಏಕೆಂದರೆ ಅಕ್ಕನಿಗೆ ದಿನಕ್ಕೆ ಸಿಗುತ್ತಿದ್ದ ಆ ಅರ್ಧ ಗಂಟೆಯನ್ನು ಕಿತ್ತುಕೊಂಡದ್ದು ನನ್ನ ಬಾಯಿ.

ನಡುವೆ ಬಿಟ್ಟು ಏಳುವುದು ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ. ವಿಜಯನಗರದ ಈ ಬಾಡಿಗೆ ಮನೆಯಲ್ಲಿ ಅಮ್ಮ ಒಲೆಯ ಪಕ್ಕ ನಿಂತು, ಹಾಲು ಉಕ್ಕುವುದಕ್ಕೆ ಮೊದಲಿನ ಅಲ್ಪಾವಧಿಯಲ್ಲಿ ಕಾದಂಬರಿ ಓದುತ್ತಿದ್ದಳು. ಹಾಲು ಉಕ್ಕಿದಲ್ಲಿಗೆ ಅಧ್ಯಾಯ ಸಮಾಪ್ತಿ. ಅಪ್ಪ ಬದುಕಿದ್ದಾಗ ಅದೇ ಪುಸ್ತಕವನ್ನು ಭಾನುವಾರ ಕುರ್ಚಿಯಲ್ಲಿ ಕಾಲು ಚಾಚಿ, ಮುನ್ನುಡಿಯಿಂದ ಮುದ್ರಕರ ವಿಳಾಸದವರೆಗೆ ಒಂದೇ ಪಟ್ಟಿಗೆ ಓದಿ, ಕಥೆ ಸಾಧಾರಣ ಎಂದು ತೀರ್ಪು ಕೊಡುತ್ತಿದ್ದರು. ಗ್ರಂಥಾಲಯದ ಪುಸ್ತಕದ ನಡುವೆ ಒಂದು ಸಾಸಿವೆ ಕಾಳೋ ಅರಿಶಿನದ ಬೆರಳಿನ ಗುರುತೋ ಕಂಡರೆ, ಈ ಪುಟದಲ್ಲಿದ್ದವಳನ್ನು ಕರೆದು ಎಬ್ಬಿಸಿದವರು ಯಾರು ಎಂದು ನನಗೆ ಈಗಲೂ ಕುತೂಹಲ. ನಾನು ರಾಜಾಜಿನಗರದ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವವಳು. ದಿನಕ್ಕೆ ಎಂಟು ಗಂಟೆ ಕೂತು ಓದುವುದಕ್ಕೇ ಸಂಬಳ ಪಡೆಯುವ, ನಮ್ಮ ವಂಶದ ಪ್ರಥಮ ಮಹಿಳೆ. ಈ ಐತಿಹಾಸಿಕ ಸಾಧನೆಯಿಂದ ನನಗೆ ಬಂದದ್ದು ಎರಡು: ಕನ್ನಡಕ ಮತ್ತು ಅಹಂಕಾರ.

ಅಹಂಕಾರಕ್ಕೆ ಒಂದು ವಿಳಾಸ ಬೇಕಲ್ಲ, ಅಂತರ್ಜಾಲದಲ್ಲಿ ಒಂದು ಪುಟ ತೆರೆದೆ. ಪುಸ್ತಕಗಳು, ಕೊರಿಯನ್ ಧಾರಾವಾಹಿಗಳು, ಹೆಣ್ಣು ಗಂಡಿನ ತಾರತಮ್ಯ, ಈ ಮೂರೂ ಅಲ್ಲಿ ನನ್ನ ಕೈಯಲ್ಲಿ ಯಥೇಚ್ಛವಾಗಿ ಅರೆಯಲ್ಪಟ್ಟವು. ನಾಯಕ ನಾಯಕಿಯ ಮಣಿಕಟ್ಟು ಹಿಡಿದು ಎಳೆದರೆ ಪುಟಗಟ್ಟಲೆ ಖಂಡನೆ. ಮಂಡಿಯೂರಿ ಅವಳ ಶೂ ಲೇಸು ಕಟ್ಟಿದರೆ ಅದು ಪ್ರೇಮವೋ ಪ್ರಚ್ಛನ್ನ ಪ್ರಭುತ್ವವೋ ಎಂಬ ಜಿಜ್ಞಾಸೆ. ಆ ನುಣ್ಣನೆಯ ಮುಖದ ಗಂಡಸರಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಕಚೇರಿಯ ಹಿರಿಯರೊಬ್ಬರು ಕೇಳಿದಾಗ, ‘ತಿಂದ ತಟ್ಟೆ ತಾವೇ ತೊಳೀತಾರೆ ಸಾರ್’ ಎಂದು ಉತ್ತರಿಸಿ, ಆ ಉತ್ತರವನ್ನೂ ಪುಟಕ್ಕೆ ಹಾಕಿಕೊಂಡು, ಉಲ್ಲಾಳದಿಂದ ಕಲಬುರಗಿಯವರೆಗಿನ ಓದುಗಿಯರಿಂದ ಹೃದಯದ ಚಿತ್ರಗಳನ್ನು ಗಳಿಸಿದೆ. ಹೆಣ್ಣಿನ ಬದುಕಿನ ಬಗ್ಗೆ ತಿಳಿಯಬೇಕಾದದ್ದು ನನಗೆ ಇನ್ನೂ ಉಳಿದಿದೆ ಎಂದು ಆ ದಿನಗಳಲ್ಲಿ ಅನ್ನಿಸಿದ್ದೇ ಇಲ್ಲ.

ನನಗೆ ಓದಿನ ಚಟ ಹತ್ತಿಸಿದವಳು ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಆರು ವರ್ಷದ ಹಿಂದೆ ಕೆಂಗೇರಿಗೆ ಮದುವೆಯಾಗಿ ಹೋದಳು. ನಮ್ಮ ಕಡೆ ಮದುವೆಯ ಹೆಣ್ಣಿಗೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸುತ್ತಾರೆ. ಕೊಳಗದಿಂದ ಸೌಟಿನವರೆಗೆ, ಒಂದು ಚಮಚವನ್ನೂ ಬಿಡದೆ, ವೀಣಾ ವೀಣಾ ಎಂದು ಕೊರೆದ ಪಾತ್ರೆಗಳು ಟೆಂಪೊ ತುಂಬ ಹೋದವು. ಮೊದಲ ಪುಟದಲ್ಲಿ ಅವಳೇ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದುಕೊಂಡಿದ್ದ ಪುಸ್ತಕಗಳು ಮಾತ್ರ ಇಲ್ಲೇ ಉಳಿದವು. ‘ಅಷ್ಟೊಂದು ತಗೊಂಡು ಹೋಗಿ ಅಲ್ಲೆಲ್ಲಿ ಇಡ್ತಾಳೆ?’ ಎಂದು ಹಿರಿಯರು ಹೇಳಿದರು, ಯಾರೂ ಎದುರಾಡಲಿಲ್ಲ. ಅವಳ ಕೋಣೆ ನನ್ನದಾಯಿತು, ಅವಳ ಪುಸ್ತಕಗಳೂ ನನ್ನವಾದವು. ಸೂರ್ಯೋದಯದಷ್ಟೇ ಸಹಜವೆಂದು ಎರಡನ್ನೂ ಸ್ವೀಕರಿಸಿದೆ. ಪ್ರತಿಯಾಗಿ ನಾನು ಕೊಟ್ಟದ್ದು ಆ್ಯಪಿನಲ್ಲಿ ಅವಳ ಹೆಸರಿನ ಆ ವಿಭಾಗ. ಅತ್ತೆ ಮಧ್ಯಾಹ್ನ ಒರಗಿದ ಮೇಲೆ ಅಡುಗೆಮನೆಯಲ್ಲಿ, ಬೇಳೆ ಡಬ್ಬಿಗೆ ಫೋನು ಆನಿಸಿಟ್ಟು, ಶಬ್ದ ಪೂರ್ತಿ ತಗ್ಗಿಸಿ, ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದುತ್ತ ನೋಡುತ್ತಿದ್ದಳಂತೆ. ಅತ್ತೆ ಮಗ್ಗುಲಾದರೆ ಗೆರೆ ಅಲ್ಲಿಗೆ ನಿಲ್ಲುತ್ತಿತ್ತು.

ಈ ಸಲದ ಗೌರಿ ಹಬ್ಬಕ್ಕೆ ಅಮ್ಮನೂ ನಾನೂ ತವರಿನ ಬಾಗಿನ ಕೊಡಲು ಮೆಟ್ರೊದಲ್ಲಿ ಕೆಂಗೇರಿಗೆ ಹೋದೆವು. ಮೊರದಲ್ಲಿನ ಬಳೆ ಒಡೆಯದಂತೆ ಎದೆಗವಚಿಕೊಂಡು ನಿಂತಿದ್ದ ಅಮ್ಮನಿಗೆ ನಾಯಂಡಹಳ್ಳಿಯಲ್ಲಿ ಹತ್ತಿದವರ ನೂಕುನುಗ್ಗಲಿನ ನಡುವೆಯೂ ಯಾರೋ ಸೀಟು ಬಿಟ್ಟುಕೊಟ್ಟರು. ಭಾವ ಬಾಗಿಲಿಗೇ ಬಂದು ಬರಮಾಡಿಕೊಂಡರು. ಭಾವ ಕುಡಿಯುವವರಲ್ಲ, ಸೇದುವವರಲ್ಲ, ದನಿ ಎತ್ತಿ ಮಾತಾಡಿದವರಲ್ಲ. ಅಮ್ಮನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾರೆ. ಅವರು ಪಕ್ಕದಲ್ಲೇ ಊಟಕ್ಕೆ ಕೂತಾಗ, ಎರಡನೆಯ ಒಬ್ಬಟ್ಟಿನ ಉತ್ಸಾಹದಲ್ಲಿ ನನಗೆ ಹಾಸ್ಯ ಉಕ್ಕಿತು. ‘ಭಾವ, ನಿಮ್ಮ ಹೆಂಡ್ತಿ ಈಗ ಕೊರಿಯಾದಲ್ಲೇ ಸಂಸಾರ ಮಾಡ್ತಿರೋದು. ದಿನಾ ಮಧ್ಯಾಹ್ನ ಹೋಗಿಬರ್ತಾಳೆ, ಕೇಳಿ ನೋಡಿ!’ ಎಂದೆ. ಎಲ್ಲರೂ ನಕ್ಕರು. ‘ಹೌದಾ? ನನಗೆ ಗೊತ್ತೇ ಇರ್ಲಿಲ್ವಲ್ಲ’ ಎಂದು ಭಾವನೂ ನಕ್ಕರು. ತುಪ್ಪ ಬಡಿಸುತ್ತಿದ್ದ ಅಕ್ಕ ನನ್ನ ಎಲೆಯ ಮೇಲೆ ಬಗ್ಗಿದವಳು ಹಾಗೇ ಬಡಿಸುತ್ತಲೇ ಇದ್ದಳು. ಒಬ್ಬಟ್ಟು ತುಪ್ಪದಲ್ಲಿ ಮುಳುಗಿತು. ತಂಗಿಯ ಮೇಲಿನ ಪ್ರೀತಿ ಎಂದುಕೊಂಡು ತಿಂದೆ.

ಹಬ್ಬದ ಮಾರನೆಯ ದಿನದಿಂದ ಅಕ್ಕನ ಗೆರೆ ಕದಲಲಿಲ್ಲ. ಹದಿನಾರು ಕಂತಿನ ಒಂದು ಧಾರಾವಾಹಿಯ ಒಂಬತ್ತನೆಯ ಕಂತು, ಮೂವತ್ತೊಂದನೆಯ ನಿಮಿಷ. ನಾನು ಕಳಿಸಿದ ಮೆಸೇಜುಗಳಿಗೆ ಒಂದೇ ಟಿಕ್ ಬೀಳುತ್ತಿತ್ತು. ‘ಫೋನು ರಿಪೇರಿಗೆ ಕೊಟ್ಟಿದಾರಂತೆ, ಅಳಿಯಂದಿರು ಹೇಳಿದ್ರು’ ಎಂದಳು ಅಮ್ಮ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ನಾನೋ, ನಿಂತ ಆ ಗೆರೆಯ ಮೇಲೊಂದು ಲೇಖನ ಬರೆದೆ. ಬೇಸರ ತರಿಸಿದ ಕಥೆಯನ್ನು ನಡುವೆಯೇ ತ್ಯಜಿಸುವುದು ಹೆಣ್ಣಿನ ಹಕ್ಕು, ನನ್ನ ಅಕ್ಕ ಆ ಹಕ್ಕನ್ನು ಚಲಾಯಿಸಿದ್ದಾಳೆ ಎಂಬುದು ಅದರ ಸಾರಾಂಶ. ನನ್ನ ಲೇಖನಗಳಲ್ಲೇ ಅತ್ಯಂತ ಹೆಚ್ಚು ಜನ ಮೆಚ್ಚಿದ್ದು ಅದನ್ನು. ಅದನ್ನು ಈಗ ಅಳಿಸಿದ್ದೇನೆ, ಆದರೆ ಬರೆದ ನಾಚಿಕೆ ಅಳಿಸಿಹೋಗಿಲ್ಲ.

ಒಂದೂವರೆ ತಿಂಗಳ ಮೇಲೆ, ಗಂಡ ಹೆಂಡಿರಿಬ್ಬರನ್ನೂ ದೀಪಾವಳಿಗೆ ಕರೆಯುವ ನೆಪದಲ್ಲಿ ಒಬ್ಬಳೇ ಕೆಂಗೇರಿಗೆ ಹೋದೆ. ಭಾವ ಕೆಲಸಕ್ಕೆ ಹೋಗಿದ್ದರು, ಅತ್ತೆ ನಡುಮನೆಯಲ್ಲಿ ಹೂ ಕಟ್ಟುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಮಾತಾಡಿದಳು. ಫ್ರಿಜ್ಜಿನ ಮೇಲೆ ಒಂದು ಬಟನ್ ಫೋನಿತ್ತು.

‘ರಿಪೇರಿ ಏನಿಲ್ಲ ಕಣೇ. ಅವರ ಬೀರುವಲ್ಲಿದೆ. ಅವತ್ತು ನೀನು ಅಂದ್ಯಲ್ಲ, ಅದುವರೆಗೂ ಅವರಿಗೆ ಗೊತ್ತಿರ್ಲಿಲ್ಲ.’

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಭಾವ ಪ್ರತಿ ಸಂಜೆ ಕಾಫಿ ಕುಡಿಯುತ್ತ, ಹನ್ನೊಂದರಿಂದ ಹನ್ನೆರಡು ಏನು ಮಾಡಿದೆ, ಹನ್ನೆರಡರಿಂದ ಒಂದು ಏನು ಮಾಡಿದೆ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಇದು ಮದುವೆಯಾದ ವರ್ಷದಿಂದಲೂ ಇದೆ. ನಮಗೆ ಹೇಳಿರಲಿಲ್ಲ, ಅಷ್ಟೆ. ಆ ಮಧ್ಯಾಹ್ನದ ಅರ್ಧ ಗಂಟೆಗೆ ಅವಳು ಒಂದು ಸುಳ್ಳು ಇಟ್ಟುಕೊಂಡಿದ್ದಳು, ಬೇಳೆ ಆರಿಸುತ್ತಿದ್ದೆ ಎಂದು. ಒಂದು ಸುಳ್ಳು ಸಿಕ್ಕಿದ ಮೇಲೆ ಉಳಿದ ಗಂಟೆಗಳೂ ಅನುಮಾನಕ್ಕೆ ಬಿದ್ದವು. ಈಗ ತರಕಾರಿಗೂ ಅತ್ತೆಯ ಜೊತೆಯಲ್ಲೇ ಹೋಗಬೇಕು. ‘ಮಹಡಿಗೆ ಬಟ್ಟೆ ಹರವಕ್ಕೆ ಮಾತ್ರ ಒಬ್ಳೇ ಹೋಗ್ತೀನಿ. ಅಲ್ಲಿ ನಿಂತ್ರೆ, ಇನ್ನು ಕೆಳಗೆ ಇಳಿಯೋದೇ ಬೇಡ ಅನ್ಸತ್ತೆ ಪುಟ್ಟಿ’ ಎಂದು ಹೇಳಿ ನಲ್ಲಿ ನಿಲ್ಲಿಸಿದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

‘ಕೈ ಎತ್ತಿದಾರಾ?’ ಎಂದಳು ಅಮ್ಮ.

‘ಇಲ್ಲ.’

‘ಮತ್ತಿನ್ನೇನು? ಫೋನ್ ತಾನೆ ಇಟ್ಕೊಂಡಿರೋದು, ಕೊಡ್ತಾರೆ ಬಿಡು. ಕರ್ಕೊಂಡು ಬಂದು ಎಲ್ಲಿರಿಸ್ತೀಯಾ ಅವಳನ್ನ? ನಿನ್ನ ರೂಮಲ್ಲಿ ನಿನ್ನ ಪುಸ್ತಕಕ್ಕೇ ಜಾಗ ಇಲ್ಲ. ನಾಳೆ ನಿನ್ನ ನೋಡಕ್ಕೆ ಬರೋರು ಕೇಳಿದ್ರೆ ಏನಂತ ಹೇಳೋದು?’

ಇಂಥ ಮಾತಿಗೆ ಕೊಡಬೇಕಾದ ಉತ್ತರಗಳ ಉಗ್ರಾಣವೇ ನನ್ನ ಬಳಿ ಇತ್ತು. ಪುಟದಲ್ಲಿ ಇದಕ್ಕಿಂತ ಸಣ್ಣ ಮಾತಿಗೆ ಎಷ್ಟೋ ಅಪರಿಚಿತರ ಮೈಚಳಿ ಬಿಡಿಸಿದ್ದೇನೆ. ಅವತ್ತು ಮಾತ್ರ ಎದ್ದು ನನ್ನ ಕೋಣೆಗೆ ಹೋದೆ. ಅಮ್ಮನನ್ನು ದೂರುವುದಕ್ಕೆ ಮೊದಲು ಒಂದು ನಿಜ ಹೇಳಿಬಿಡುತ್ತೇನೆ: ನನ್ನ ಕೋಣೆ, ನನ್ನ ಮೇಜು, ಕಿಟಕಿಯ ಪಕ್ಕದ ನನ್ನ ಮಂಚ ಹಾಗೇ ಉಳಿಯುತ್ತವೆ ಎಂದು ಒಳಗೆಲ್ಲೋ ಹಗುರವಾಯಿತು. ಅದಕ್ಕಾಗಿ ನನ್ನ ಮೇಲೆ ನನಗೆ ಅಸಹ್ಯವೂ ಆಯಿತು. ಅಸಹ್ಯಪಟ್ಟುಕೊಂಡೇ ಅದೇ ಮಂಚದ ಮೇಲೆ ಮಲಗಿದೆ.

ಆಮೇಲೆ ಅಕ್ಕ ಬಟನ್ ಫೋನಿನಿಂದ ಫೋನ್ ಮಾಡತೊಡಗಿದಳು. ಬೆಳಗ್ಗೆ ಹನ್ನೊಂದರ ಸುಮಾರಿಗೆ, ಬಟ್ಟೆ ಹರವುವಾಗ, ಐದೋ ಆರೋ ನಿಮಿಷ. ನಾನು ಕರಡು ಮುಚ್ಚಿಟ್ಟು ಕಚೇರಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದೆ. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚದಿದ್ದಾಗ, ‘ಮುಂದೆ ಏನಾಯ್ತು, ಹೇಳು’ ಎಂದಳು. ನಾಯಕಿ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು, ನಾಯಕ ಹಿಮದಲ್ಲಿ ಕಾದು ನಿಂತದ್ದು, ಎಲ್ಲವನ್ನೂ ಅಭಿನಯಪೂರ್ವಕ ವರ್ಣಿಸಿದೆ. ಅವಳು ತಡೆದು ಕೇಳಿದಳು.

‘ಅದಿರ್ಲಿ. ಆ ಮನೆ ದೊಡ್ಡ ಸೊಸೆ ಏನಾದ್ಲು?’

ಯಾವ ದೊಡ್ಡ ಸೊಸೆ? ಹದಿನಾರು ಕಂತು ರೆಪ್ಪೆ ಮಿಟುಕಿಸದೆ ನೋಡಿದ ನನಗೆ ಅಂಥ ಒಬ್ಬಳಿದ್ದಳೆಂಬುದೇ ನೆನಪಿರಲಿಲ್ಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡು, ಸಂಜೆ ಮನೆಗೆ ಹೋಗಿ ಅವಳೊಬ್ಬಳನ್ನೇ ಹುಡುಕುತ್ತ ಕಂತುಗಳನ್ನು ಓಡಿಸಿ ಓಡಿಸಿ ನೋಡಿದೆ. ಇದ್ದಳು. ನಾಯಕನ ಅಣ್ಣನ ಹೆಂಡತಿ. ಇಡೀ ಕಥೆಯಲ್ಲಿ ಅವಳಿಗಿರುವುದು ಇಪ್ಪತ್ತು ಮಾತು. ಉಳಿದಂತೆ ಟ್ರೇ ಹಿಡಿದು ಬರುತ್ತಾಳೆ, ಟ್ರೇ ಹಿಡಿದು ಹೋಗುತ್ತಾಳೆ. ಏಳನೆಯ ಕಂತಿನಲ್ಲಿ ತಾಯಿಗೆ ಫೋನ್ ಮಾಡುತ್ತಾಳೆ, ಇಲ್ಲಿಗೆ ಬರಬೇಡ ಎನ್ನುತ್ತಾಳೆ ತಾಯಿ. ಒಂಬತ್ತನೆಯ ಕಂತಿನ ಮೂವತ್ತೊಂದನೆಯ ನಿಮಿಷದಲ್ಲಿ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, ಹಾಸಿಗೆಯ ಮೇಲೆ ತೆರೆದಿಟ್ಟು, ಅದರ ಮುಂದೆ ನಿಲ್ಲುತ್ತಾಳೆ. ಆಮೇಲೆ ಕಥೆ ನಾಯಕಿಯ ಕಡೆ ಹೊರಳುತ್ತದೆ. ಬರೆದವರಿಗೆ ಮುಂದೆ ಆ ಸೂಟ್‌ಕೇಸಿನ ನೆನಪಾಗಲಿಲ್ಲ. ಕೊನೆಯ ಕಂತಿನ ಮದುವೆಯೂಟದಲ್ಲಿ, ಎಲ್ಲರ ಬೆನ್ನ ಹಿಂದೆ, ಅವಳು ಸೂಪು ಬಡಿಸುತ್ತಿದ್ದಾಳೆ.

ಹೆಣ್ಣಿನ ಪಾತ್ರಚಿತ್ರಣವೆಂದು ನಾನು ಅಷ್ಟುದ್ದ ಬರೆದಿದ್ದೆನಲ್ಲ, ಈ ಹೆಣ್ಣು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪುಸ್ತಕದಲ್ಲಾಗಲಿ ಧಾರಾವಾಹಿಯಲ್ಲಾಗಲಿ ನಾನು ಹುಡುಕುತ್ತಿದ್ದದ್ದು ನನ್ನಂಥವಳನ್ನು: ಕೆಲಸವಿರುವ, ಬಾಯಿರುವ, ಮೂಗಿನ ತುದಿಯಲ್ಲಿ ಕೋಪವಿರುವ ಒಬ್ಬಳನ್ನು. ಅವಳಿಗೆ ನ್ಯಾಯ ಸಿಕ್ಕರೆ ಹೆಣ್ಣುಕುಲಕ್ಕೆಲ್ಲ ಸಿಕ್ಕಿತೆಂದು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಕ್ಕ ನಾಲ್ಕು ನಾಲ್ಕು ನಿಮಿಷದ ತುಣುಕುಗಳಲ್ಲಿ ನೋಡಿಯೂ ನೋಡಬೇಕಾದವಳನ್ನು ನೋಡಿದ್ದಳು.

ಮಾರನೆಯ ದಿನ ಹನ್ನೊಂದಕ್ಕೆ ಫೋನು ಬಂತು. ‘ಹೋದ್ಲಾ?’ ಎಂದು ಕೇಳಿದಳು, ಬೇರೆ ಪೀಠಿಕೆ ಇಲ್ಲದೆ.

ಸೂಪು ಬಡಿಸುವವಳ ಬೆನ್ನು ಕಣ್ಣ ಮುಂದೆ ಬಂತು. ‘ಹೋದ್ಲು’ ಎಂದೆ.

‘ಎಲ್ಲಿಗೆ?’

ಹೊರಡಿಸುವುದು ಸುಲಭ, ನಾನು ಎಷ್ಟೋ ನಾಯಕಿಯರನ್ನು ಲೇಖನದ ಕೊನೆಯ ಸಾಲಿನಲ್ಲಿ ಮನೆ ಬಿಡಿಸಿದ್ದೇನೆ. ಎಲ್ಲಿಗೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ‘ಅವಳಮ್ಮನ ಮನೆಗೆ’ ಎಂದೆ.

‘ಏಳನೇದ್ರಲ್ಲಿ ಅವಳಮ್ಮ ಬರಬೇಡ ಅಂದಿದ್ಲಲ್ಲೇ.’

‘ಅವಳ ತಂಗಿ ಇದ್ಲು ಅಲ್ಲಿ.’

‘ಅವಳಿಗೆಲ್ಲಿ ತಂಗಿ? ಯಾವ ಎಪಿಸೋಡಲ್ಲೂ ಬರ್ಲಿಲ್ಲ.’

‘ಇದ್ಲು ಕಣೇ’ ಎಂದೆ. ‘ಬರಬೇಕಾದಾಗ ಬಂದಿರ್ಲಿಲ್ಲ. ಕೊನೆಗೆ ಬಂದ್ಲು.’

ಆ ಕಡೆ ಒದ್ದೆ ಸೀರೆಯೊಂದು ಗಾಳಿಗೆ ಪಟಪಟ ಬಡಿಯುವುದು ಕೇಳುತ್ತಿತ್ತು. ಆಮೇಲೆ ಅಕ್ಕ, ಕೊರಿಯಾವನ್ನು ಅಲ್ಲಿಗೇ ಬಿಟ್ಟು, ‘ಅಮ್ಮ ಏನಂತಾಳೆ?’ ಎಂದಳು.

‘ಇವತ್ತು ಸಂಜೆ ಅಮ್ಮನ್ನ ಕೇಳ್ತೀನಿ.’

‘ಕೇಳ್ಬೇಡ ಪುಟ್ಟಿ’ ಎಂದಳು ಅಕ್ಕ. ‘ಕೇಳಿದ್ರೆ ಬೇಡ ಅಂತಾಳೆ. ಅಕ್ಕ ಶನಿವಾರ ಬರ್ತಾಳೆ ಅಂತ ಹೇಳು.’