ಕೊಕ್ಕರೆ ಗುರುತಿನ ಡಬ್ಬಿ

ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಆದರೆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಗೂಡ್ಸಣ್ಣ ಅಂತ. ಅವನ ಕೆಲಸದ ಕೋಣೆಯ ಗಾಜಿನ ಬೀರುವಿನ ತುಂಬ ಗೂಡ್ಸ್ ರೈಲಿನ ಪುಟಾಣಿ ಡಬ್ಬಿಗಳು. ಯಾವುದೋ ಕಾಲಕ್ಕೆ ಮುಚ್ಚಿಹೋದ ರೈಲು ಕಂಪನಿಗಳು ಬಳಿಯುತ್ತಿದ್ದ ಬಣ್ಣ, ಬರೆಸುತ್ತಿದ್ದ ಅಕ್ಷರ, ಗುರುತು, ಎಲ್ಲ ಇದ್ದ ಹಾಗೇ ಇರಬೇಕು ಅವನಿಗೆ. ಇಟ್ಟಿಗೆ ಕೆಂಪು ಒಂದು ಎಳೆ ಗಾಢವಾದರೂ ಆ ಡಬ್ಬಿಗೆ ಬೀರುವಿನಲ್ಲಿ ಜಾಗವಿಲ್ಲ. "ಮನೆ ತುಂಬ ಡಬ್ಬಿ, ಸಕ್ಕರೆ ಹಾಕಿಡೋಕೆ ಮಾತ್ರ ಒಂದೂ ಇಲ್ಲ," ಎಂದು ಹೆಂಡತಿ ಬಂದವರೆದುರು ನಗುತ್ತಿದ್ದಳು.

ಗಡಿಯಾರ ರಿಪೇರಿಯವನೊಬ್ಬ ತೀರಿಕೊಂಡ ಮೇಲೆ ಅವನ ಮಗಳು ಹಳೇ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದಳು. ಅಲ್ಲಿ ಸಿಕ್ಕಿತು ಆ ಡಬ್ಬಿ. ಪಾಚಿ ಹಸಿರು ಮೈ, ಅದರ ಮೇಲೆ ಒಂಟಿಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ಅವನು ಬಲ್ಲ ಯಾವ ಕಂಪನಿಯ ಬಣ್ಣವೂ ಅದಲ್ಲ. ಜಾರುಬಾಗಿಲು ಹೆಸರಿಗಷ್ಟೇ, ಮೈಗೇ ಬೆಸೆದ ತಗಡು. ಬಿಟ್ಟು ಬರಬೇಕಾದವನು, ಯಾಕೋ ಮನಸ್ಸಾಗದೆ ತಂದುಬಿಟ್ಟ.

ಮಾರನೇ ದಿನ ಊಟ ಮುಗಿಸಿ ಹಲ್ಲಿನ ಅಚ್ಚು ಉಜ್ಜುತ್ತಿದ್ದಾಗ ಶಬ್ದ ಕೇಳಿತು. ಉಗುರಿನಿಂದ ತಗಡು ಕುಟ್ಟಿದ ಹಾಗೆ. ಇಲಿ ಇರಬೇಕು ಅಂದುಕೊಂಡು ಬೀರು ತೆಗೆದ. ಇಲಿಯ ಸುಳಿವಿಲ್ಲ. ಕೊಕ್ಕರೆ ಡಬ್ಬಿಯನ್ನು ಎತ್ತಿಕೊಂಡರೆ ಬೆಚ್ಚಗಿತ್ತು, ಪಕ್ಕದವೆಲ್ಲ ತಣ್ಣಗಿದ್ದವು. ಅಂಗೈಯ ಮೇಲೇ ಅದು ಟಕ್ ಎಂದಿತು.

ಹಿಂದೆ ಯಾರೋ ಉಸಿರು ಎಳೆದುಕೊಂಡರು. ತಿರುಗಿದರೆ ಅತ್ತೆ. ಮಗಳ ಮನೆಗೆ ಬಂದು ವರ್ಷಗಳಾದರೂ ಆ ಕೋಣೆಗೆ ಕಾಲಿಟ್ಟವರಲ್ಲ. ರೈಲೆಂದರೆ ಮುಖ ತಿರುಗಿಸುವ ಹೆಂಗಸು.

"ಇದು ಎಲ್ಲಿ ಸಿಕ್ತು ನಿಮಗೆ?"

"ಹಳೇ ಸಾಮಾನಲ್ಲಿ, ಅತ್ತೆ. ಯಾಕೆ, ಇಂಥದ್ದು ಮುಂಚೆ ನೋಡಿದೀರಾ?"

ಅವರು ಗೋಡೆ ಹಿಡಿದುಕೊಂಡೇ ಹೇಳಿದರು. "ಚಿಕ್ಕವಳಿದ್ದಾಗ ನಮ್ಮನೆ ಗೂಡ್ಸ್ ಯಾರ್ಡಿನ ಪಕ್ಕದಲ್ಲೇ ಇತ್ತು. ನಾನೂ ನಮ್ಮಕ್ಕನೂ ಕಣ್ಣಾಮುಚ್ಚಾಲೆ ಆಡ್ತಿದ್ವಿ. ಅವಳು ಇಂಥದೇ ಡಬ್ಬಿ ಹತ್ತಿ ಬಚ್ಚಿಟ್ಕೊಂಡ್ಳು. ಇಂಜಿನ್ ಎಳೆದ ಏಟಿಗೆ ಬಾಗಿಲು ಜಾರಿ ಮುಚ್ಕೊಳ್ತು. ಒಳಗಿಂದ ತಟ್ತಾನೇ ಇದ್ಳು. ನಾನು ಪಕ್ಕದಲ್ಲೇ ಓಡ್ದೆ, ಓಡ್ದೆ. ರೈಲು ಹೊರಟೇ ಹೋಯ್ತು."

"ಹುಡುಕಲಿಲ್ವಾ?"

"ಹುಡುಕದೆ ಇರ್ತಾರಾ? ಯಾವ ಡಬ್ಬಿ ಅಂತ ಕೇಳಿದ್ರು. ಹಸಿರು, ಮೇಲೆ ಕೊಕ್ಕರೆ ಇತ್ತು ಅಂದೆ. ಅಂಥದ್ದು ಈ ದಾರೀಲಿ ಬರೋದೇ ಇಲ್ಲ, ಮಗು ಹೆದರಿ ಏನೇನೋ ಬಡಬಡಿಸ್ತಿದೆ ಅಂದ್ರು. ಕಂದು ಡಬ್ಬಿಗಳನ್ನೆಲ್ಲ ತೆಗೆದು ನೋಡಿ ಕೈ ಚೆಲ್ಲಿದ್ರು. ಆಮೇಲೆ ಮನೇಲಿ ಅವಳ ಹೆಸರೂ ಎತ್ತಲಿಲ್ಲ."

ಡಬ್ಬಿ ಮತ್ತೆ ಟಕ್ ಎಂದಿತು. ಈ ಸಲ ಮೆತ್ತಗೆ, ತಟ್ಟಿ ತಟ್ಟಿ ಸುಸ್ತಾದ ಹಾಗೆ.

"ತೆಗೀರಿ," ಅಂದರು ಅತ್ತೆ.

ಬಣ್ಣ ಹಾಳಾದೀತೆಂದು ಅವನಿಗೆ ಒಂದು ಕ್ಷಣ ಕೈ ಬರಲಿಲ್ಲ. ಅವರ ಮುಖ ನೋಡಿದ ಮೇಲೆ ಹಲ್ಲಿನ ಸೆಟ್ಟು ಕೊಯ್ಯುವ ಸಣ್ಣ ಗರಗಸ ತೆಗೆದುಕೊಂಡು ಬಾಗಿಲಿನ ಸುತ್ತ ಕೊಯ್ದ. ತಗಡು ಕಳಚಿ ಮೇಜಿನ ಮೇಲೆ ಬಿತ್ತು. ಕೋಣೆಯಲ್ಲೆಲ್ಲ ಕಲ್ಲಿದ್ದಲ ಹೊಗೆಯ ವಾಸನೆ. ಡಬ್ಬಿಯೊಳಗೆ ಏನೂ ಇರಲಿಲ್ಲ. ಆದರೆ ತಗಡಿನ ಒಳಮೈಯಲ್ಲಿ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂಥ ಗೀರುಗಳು, ಒತ್ತೊತ್ತಾಗಿ. ಅವನು ಅದನ್ನು ಬೋರಲು ಹಾಕಿಬಿಟ್ಟ, ಅತ್ತೆಗೆ ತೋರಿಸಲಿಲ್ಲ.

"ಇಳಿದ್ಲಾ?" ಎಂದು ಅವರು ಕೇಳಿದರು.

ಅವನು ಬೋರಲು ಹಾಕಿದ ತಗಡಿನ ಮೇಲೆ ಅಂಗೈ ಇಟ್ಟ. "ಇಳಿದ್ರು, ಅತ್ತೆ."

ಮತ್ತೆಂದೂ ಬೀರುವಿನಿಂದ ಸದ್ದು ಬರಲಿಲ್ಲ. ಅತ್ತೆಯ ಮುಖದ ಗಂಟು ಸಡಿಲವಾಯಿತು. ಅಕ್ಕನ ಹೆಸರು ಹಿಡಿದು ಹಳೇ ಮಾತೆಲ್ಲ ಮಗಳಿಗೆ ಹೇಳತೊಡಗಿದರು. ಗೂಡ್ಸಣ್ಣ ಸಂಗ್ರಹ ಬಿಡಲಿಲ್ಲ. ಈಗ ಮಾತ್ರ ಯಾವ ಡಬ್ಬಿ ಸಿಕ್ಕರೂ ಬಣ್ಣ ನೋಡುವ ಮೊದಲು ಬಾಗಿಲು ತೆರೆದು ನೋಡುತ್ತಾನೆ.

ಸಂಜೆ ಟೀ ಹೊತ್ತಿಗೆ ಅತ್ತೆ ವರಾಂಡದ ಬೆಂಚಿನ ಒಂದು ತುದಿಗೆ ಸರಿದು ಕೂರುತ್ತಾರೆ.

"ಬೀಳ್ತೀಯಮ್ಮ, ಇತ್ಲಾಗೆ ಬಾ," ಎನ್ನುತ್ತಾಳೆ ಮಗಳು.

"ಅಕ್ಕನಿಗೂ ಜಾಗ ಬೇಕಲ್ಲ," ಎನ್ನುತ್ತಾರೆ ಅವರು.

ಅಳಿಯ ಒಳಗಿಂದ ಸ್ಟೂಲು ತಂದು ದೂರ ಹಾಕಿಕೊಂಡು ಕೂರುತ್ತಾನೆ.