ಡಾಕ್ಟರ್ ಅಂಕಲ್ ಚೆಂಡು ನೋಡುತ್ತಿರಲಿಲ್ಲ

ಟೆಕ್ಸಸ್‌ನ ನಮ್ಮೂರು ಕಾಪೆಲ್‌ನ ಹೈಸ್ಕೂಲ್ ಸ್ಟೇಡಿಯಮ್ಮಿಗೆ ಶುಕ್ರವಾರ ಸಂಜೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ನಾಚೋಸ್ ಮೇಲೆ ಸುರಿದ ಬಿಸಿ ಚೀಸ್ ಮತ್ತು ಹಲಪೇನ್ಯೋ ಮೆಣಸಿನಕಾಯಿಯ ವಾಸನೆ. ನಾನು ಹೋಗುವುದು ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ಆಟಕ್ಕಲ್ಲ. ಮಗಳು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಮಧ್ಯಂತರದಲ್ಲಿ ಬ್ಯಾಂಡ್ ಮುಗಿದದ್ದೇ ತಡ, ಅಕ್ಷತೆ ಹಾಕಿ ಊಟದ ಹಾಲಿಗೆ ಓಡುವ ಮದುವೆಮನೆಯ ನೆಂಟರಂತೆ ನಾವು ದೇಸಿ ಅಪ್ಪ ಅಮ್ಮಂದಿರೆಲ್ಲ ಎದ್ದು ಮನೆಗೆ ಹೋಗಿಬಿಡುತ್ತೇವೆ. ಆಟ ಮುಗಿಯುವ ಹೊತ್ತಿಗೆ ಮಕ್ಕಳನ್ನು ಕರೆದೊಯ್ಯಲು ಮತ್ತೆ ಬಂದರಾಯಿತು. ಯಾರು ಗೆದ್ದರೆಂದು ಅಲ್ಲಿ ನಮ್ಮನ್ನು ಯಾರೂ ಕೇಳುವುದೂ ಇಲ್ಲ.

ಆ ವಾಸನೆಗೆ ಒಂದು ಚಿಟಿಕೆ ಇಂಗು ಬೆರೆಸಿದರೆ ಅದು ಹತ್ತಿರದ ಊರು ಯೂಲೆಸ್‌ನ ಡಾಕ್ಟರ್ ಅಂಕಲ್ ಮನೆ. ಮೈಸೂರಿನವರು, ಯೂಲೆಸ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ನಾವು ಟೆಕ್ಸಸ್‌ಗೆ ಹೊಸದಾಗಿ ಬಂದಿದ್ದ ಆ ವರ್ಷಗಳಲ್ಲಿ, ಸೀಸನ್ ಶುರುವಾದರೆ ಪ್ರತಿ ಶನಿವಾರ ಅವರ ಮನೆಯ ದೊಡ್ಡ ಟೀವಿಯ ಮುಂದೆ ಕಾಲೇಜ್ ಫುಟ್‌ಬಾಲ್ ನೋಡಲು ಜನ ಸೇರುತ್ತಿದ್ದರು. ಅವರ ಹೆಂಡತಿ, ಧಾರವಾಡದ ಶಾರದಾ ಆಂಟಿ ಹಲಪೇನ್ಯೋ ಸೀಳಿ, ಒಳಗೆ ಹುಣಸೆಹಣ್ಣು ಸವರಿ ಮಿರ್ಚಿ ಭಜಿ ಕರಿಯುತ್ತಿದ್ದರು. ನಾನು ಹೋಗುತ್ತಿದ್ದುದು ಆ ಭಜಿಗೆ. ಆಟದ ನಿಯಮ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಬಡ್ಡಿಗೆ ಹೆಲ್ಮೆಟ್ ತೊಡಿಸಿ ನಡುನಡುವೆ ಮೀಟಿಂಗ್ ಇಟ್ಟ ಹಾಗೆ ಕಾಣುತ್ತದೆ.

ಕಾಲೇಜ್ ಫುಟ್‌ಬಾಲಿನ ಅಭಿಮಾನಿಗೆ ಒಂದು ಪಕ್ಷ ಇರಲೇಬೇಕು. ಪ್ರಸಾದ್ ಎಂಬ ನಮ್ಮ ಗೆಳೆಯ ಆಸ್ಟಿನ್‌ನಲ್ಲಿ ಎಂ.ಎಸ್. ಮಾಡಿದವನು, ಶನಿವಾರ ಅವನ ಅಂಗಿಯಿಂದ ಸಾಕ್ಸ್‌ವರೆಗೆ ಎಲ್ಲ ಆಸ್ಟಿನ್ ತಂಡದ ಕಿತ್ತಳೆ ಬಣ್ಣ. ಅಂಕಲ್ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟವರು. ಆಸ್ಟಿನ್‌ಗೂ ಹ್ಯೂಸ್ಟನ್‌ಗೂ ಆಟ ನಡೆದರೆ ಎರಡೂ ಕಡೆಗೆ ಚಪ್ಪಾಳೆ ತಟ್ಟುತ್ತಿದ್ದರು.

"ಅಂಕಲ್, ಯಾವ್ದಾದ್ರೂ ಒಂದ್ ಟೀಮ್ ಹೇಳಿ. ನಿಮ್ಮಿಂದ ನಮಗೆ ಟೆನ್ಶನ್ ಆಗುತ್ತೆ" ಎಂದು ಪ್ರಸಾದ್ ಗೋಗರೆಯುತ್ತಿದ್ದ.

"ಟೀಮ್ ಏನು ಮಾಡ್ಕೊಳ್ಳಲಯ್ಯ? ಆ ಕಡೆ ಇರೋನೂ ನಮ್ಮೂರ ಹುಡುಗ, ಈ ಕಡೆ ಇರೋನೂ ನಮ್ಮೂರ ಹುಡುಗ."

ಸುಳ್ಳಲ್ಲ. ಪರದೆಯ ಮೇಲೆ ಆಟಗಾರನ ಹೆಸರಿನ ಜೊತೆ ಅವನ ಊರೂ ಬರುತ್ತದೆ. ಕನ್ನಡಿಗನಿಗೆ ಊರು ಗೊತ್ತಾದರೆ ಇನ್ನೇನು ಬೇಕು, ಅಲ್ಲವೇ? ಅವನ ಹೈಸ್ಕೂಲು, ಆ ಸ್ಕೂಲಿನ ಕೋಚು, ಯಾವುದೋ ಮಳೆಯಲ್ಲಿ ಒದ್ದೆಯಾಗಿ ಸೋತ ಪಂದ್ಯ, ಎಲ್ಲ ಅಂಕಲ್ ನೆನಪಿನಿಂದ ಹೊರಬರುತ್ತಿತ್ತು. ಟೀವಿಯಲ್ಲಿ ನಡೆಯುವ ಆಟಕ್ಕಿಂತ ಆ ನೆನಪುಗಳೇ ನನಗೆ ಹೆಚ್ಚು ರುಚಿಸುತ್ತಿದ್ದವು. ಆದರೆ ಆ ಹುಡುಗರಲ್ಲಿ ತಮ್ಮ ಕ್ಲಿನಿಕ್ಕಿಗೆ ಬಂದವರು ಯಾರು, ಯಾವ ಕಾಯಿಲೆಗೆ ಬಂದಿದ್ದರು ಎಂಬುದು ಮಾತ್ರ ಅಂಕಲ್ ಬಾಯಿಂದ ಎಂದೂ ಹೊರಬೀಳಲಿಲ್ಲ.

ಅವರಲ್ಲಿ ಸಿಯೋನೆ ಎಂಬೊಬ್ಬನಿದ್ದ. ದೂರದ ಟೋಂಗಾ ದ್ವೀಪಗಳಿಂದ ಬಂದು ಏರ್‌ಪೋರ್ಟಿನ ಆಸುಪಾಸಿನಲ್ಲಿ ನೆಲೆಸಿದ ಕುಟುಂಬಗಳು ಯೂಲೆಸ್‌ನಲ್ಲಿ ಬಹಳ; ಅಂಥ ಮನೆಯ ಹುಡುಗ. ಬಾಗಿಲಿನಷ್ಟು ಅಗಲದ ಆಳು, ಆಸ್ಟಿನ್ ತಂಡಕ್ಕೆ ಆಡುತ್ತಿದ್ದ. ಅವನು ಮೈದಾನಕ್ಕಿಳಿದರೆ ಅಂಕಲ್ ಮಾತು ನಿಲ್ಲಿಸುತ್ತಿದ್ದರು. ಚೆಂಡು ಎಲ್ಲೋ ಹಾರುತ್ತಿದ್ದರೂ ಅವರ ಕಣ್ಣು ಇವನ ಮೇಲೆಯೇ. ಚೆಂಡು ನೋಡದೆ ಕೂರುವವಳು ನಾನೊಬ್ಬಳೇ ಎಂದುಕೊಂಡಿದ್ದೆ, ಹಾಗಾಗಿ ಅದು ನನ್ನ ಗಮನಕ್ಕೆ ಬಂತು.

ಒಂದು ಶನಿವಾರ ಸಿಯೋನೆ ಬಿದ್ದ. ಎಲ್ಲರೂ ಎದ್ದರು, ಅವನೊಬ್ಬ ಏಳಲಿಲ್ಲ. ಟೀವಿಯವರು ಜಾಹೀರಾತು ಹಾಕಿಬಿಟ್ಟರು. ಅಂಕಲ್ ಎದ್ದು ನಿಂತಿದ್ದರು. ಯಾರಿಗೋ ಫೋನ್ ಮಾಡಿದರು, ಎತ್ತಲಿಲ್ಲ, ಮತ್ತೆ ಮಾಡಿದರು. ಕೊನೆಗೆ ಆ ಕಡೆಯಿಂದಲೇ ಫೋನ್ ಬಂತು. ಅಂಕಲ್‌ಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್. ಆಸ್ಟಿನ್‌ನ ಸ್ಟೇಡಿಯಮ್ಮಿನಿಂದ ಸಿಯೋನೆಯ ತಾಯಿ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು: "ಡಾಕ್ಟರ್, ಆಸ್ತಮಾ ಅಲ್ಲ. ಉಸಿರು ಚೆನ್ನಾಗಿದೆ. ಕಾಲು ಮುರಿದಿದೆ, ಅಷ್ಟೆ."

"ಕಾಲು ತಾನೆ? ಬರೀ ಕಾಲು! ಶಾರದಾ, ಆ ಮೈಸೂರ್ ಪಾಕ್ ಡಬ್ಬಿ ತಾರೇ!"

ಪ್ರಸಾದ್ ಸಿಟ್ಟಾದ. "ಏನ್ ಅಂಕಲ್ ನೀವು? ಆ ಹುಡುಗನ ಸೀಸನ್ನೇ ಹೋಯ್ತು, ಸ್ವೀಟ್ ಹಂಚ್ತೀರಾ?"

"ಅವರಿಗೆ ಏನೂ ಅನಬ್ಯಾಡ್ರಿ ಪ್ರಸಾದ್" ಎಂದರು ಆಂಟಿ. "ಆ ಹುಡುಗ ಆಡಾಕ ಇಳದಾಗೆಲ್ಲಾ ಇವರು ಹೀಂಗs ಜೀವಾ ಕೈಯಾಗ ಹಿಡಕೊಂಡು ಕೂಡತಾರ."

ತಾಯಿಯೇ ಎಲ್ಲರೆದುರು ಹೇಳಿಯಾಗಿತ್ತಲ್ಲ, ಅಂಕಲ್ ಕೂಡ ಅವತ್ತು ಬಾಯಿ ಬಿಟ್ಟರು. ಸಿಯೋನೆ ಚಿಕ್ಕವನಿದ್ದಾಗ ತುಟಿ ನೀಲಿಗಟ್ಟಿ, ಎದೆ ಗೊರಗೊರ ಎನ್ನುತ್ತಾ ಕ್ಲಿನಿಕ್ಕಿಗೆ ಬರುತ್ತಿದ್ದನಂತೆ. ಹೈಸ್ಕೂಲಿಗೆ ಬಂದಾಗ ಫುಟ್‌ಬಾಲ್ ಆಡಬೇಕೆಂದು ಹಟ. ಬೇರೊಬ್ಬ ಡಾಕ್ಟರು ಬೇಡವೇ ಬೇಡ ಎಂದಿದ್ದರು. ಹುಡುಗ ಅಂಕಲ್ ಮುಂದೆ ಬಂದು ಅತ್ತ. ಅಂಕಲ್ ಅವನ ಎದೆಯನ್ನು ಮತ್ತೆ ಮತ್ತೆ ಪರೀಕ್ಷಿಸಿ, ಸ್ಕೂಲಿನ ಕೋಚ್ ಹತ್ತಿರ ಹೋಗಿ ಒಂದು ಷರತ್ತು ಹಾಕಿದರು: ಇನ್ಹೇಲರ್ ನಿಮ್ಮ ಜೇಬಿನಲ್ಲಿರಬೇಕು, ಇವನು ಕೈ ಎತ್ತಿದರೆ ಸ್ಕೋರ್ ಎಷ್ಟೇ ಇರಲಿ ಹೊರಗೆ ಕರೆಯಬೇಕು. ಕೋಚ್ ಮಾತಿಗೆ ತಪ್ಪಲಿಲ್ಲ. ಒಮ್ಮೆ ಗೆಲ್ಲುವ ಪಂದ್ಯದ ಕೊನೆಯಲ್ಲಿ ಹುಡುಗ ಕೈ ಎತ್ತಿದ, ಕೋಚ್ ಕರೆದುಕೊಂಡರು, ಪಂದ್ಯ ಹೋಯಿತು. ಇಡೀ ಊರು ಕೋಚ್‌ಗೆ ಛೀಮಾರಿ ಹಾಕಿತು. ಆ ಪುಣ್ಯಾತ್ಮ ಕಾರಣ ಹೇಳಲೇ ಇಲ್ಲ.

"ಆಡು ಅಂದವನು ನಾನು. ಏನಾದ್ರೂ ಆಗಿದ್ರೆ ಅವರಮ್ಮನ ಮುಖ ಹೇಗೆ ನೋಡ್ಲಿ?" ಎಂದು ಅಂಕಲ್ ಕಣ್ಣೊರೆಸಿಕೊಂಡರು.

ಸಿಯೋನೆ ಮತ್ತೆ ಟೀವಿಯಲ್ಲಿ ಕಾಣಿಸಲಿಲ್ಲ. ಅಂಕಲ್, ಆಂಟಿ ಮಗಳ ಮನೆಯ ಹತ್ತಿರ ಇರಲೆಂದು ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ಗೆ ಶಿಫ್ಟ್ ಆದರು. ಶನಿವಾರಗಳು ಬಟ್ಟೆ ಒಗೆಯುವ ದಿನಗಳಾದವು.

ಹೋದ ಶುಕ್ರವಾರ ನಮ್ಮ ಕಡೆಯ ನಾಚೋಸ್ ಕ್ಯೂ ಉದ್ದವಿತ್ತೆಂದು ನಾನು ನಾಚಿಕೆ ಬಿಟ್ಟು ಎದುರಾಳಿಗಳ ಕಡೆಯ ಅಂಗಡಿಗೆ ಹೋದೆ. ಅಲ್ಲಿ ಮೈದಾನದ ಅಂಚಿನಲ್ಲಿ ಅವರ ಕೋಚೊಬ್ಬ ಹುಡುಗರ ಮೇಲೆ ಹರಿಹಾಯುತ್ತಿದ್ದ. ಸ್ವಲ್ಪ ಕುಂಟು, ಬಾಗಿಲಿನಷ್ಟು ಅಗಲ. ಕಟಕಟೆಗೆ ಒರಗಿದ್ದ ಅಜ್ಜನೊಬ್ಬ ಕಿತ್ತಳೆ ಟೋಪಿ ಸರಿಸಿಕೊಂಡು, "ಸಿಯೋನೆ. ಆಸ್ಟಿನ್‌ಗೆ ಆಡುತ್ತಿದ್ದ. ಪಾಪ, ಕಾಲು ಹೋಯಿತು" ಎಂದ.

ನಾನು ಅಲ್ಲಿಂದಲೇ ಫುಲ್‌ಶೀರ್‌ಗೆ ಫೋನ್ ಮಾಡಿದೆ.

"ಅಂಕಲ್, ಸಿಯೋನೆ ಇಲ್ಲಿದ್ದಾನೆ. ಕೋಚ್ ಆಗಿದ್ದಾನೆ."

"ಏನ್ ಮಾಡ್ತಿದ್ದಾನಮ್ಮಾ?"

"ಹುಡುಗರಿಗೆ ಬೈತಿದ್ದಾನೆ ಅಂಕಲ್. ಸ್ಟೇಡಿಯಮ್ಮೇ ಹಾರಿಹೋಗೋ ಹಾಗೆ."

"ಅಷ್ಟು ಜೋರಾಗಾ?"

"ಹೂಂ ಅಂಕಲ್. ಉಸಿರು ತಗೊಳ್ದೆ ಕೂಗ್ತಿದ್ದಾನೆ."

"ಫೋನ್ ಸ್ವಲ್ಪ ಆ ಕಡೆ ಹಿಡಿಯಮ್ಮಾ."

ನಾನು ಕಟಕಟೆಯವರೆಗೂ ಇಳಿದು ಹೋಗಿ, ಫೋನನ್ನು ಕೈಯೆತ್ತಿ ಅವನತ್ತ ಹಿಡಿದೆ. ಸಿಯೋನೆ ಎದೆ ತುಂಬಾ ಗಾಳಿ ಎಳೆದುಕೊಂಡು ಇನ್ನೊಮ್ಮೆ ಗರ್ಜಿಸಿದ. ಅಜ್ಜ ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ. ಅಂಕಲ್ ಸಾಕು ಅನ್ನಲಿಲ್ಲ, ನಾನೂ ಕೈ ಇಳಿಸಲಿಲ್ಲ.