ಸುಬ್ಬಿ ಒತ್ತದ ಗುಂಡಿ

ಅಮದಳ್ಳಿಯ ಸುಬ್ಬಿ ಕಾರವಾರದ ಪೇಟೆಯಲ್ಲಿ ಮೀನು ಮಾರುವವಳು. ಕಿವಿರು ಎತ್ತಿ ನೋಡದೆ ಯಾವ ಬಂಗಡೆಯನ್ನೂ ತಾಜಾ ಎಂದವಳಲ್ಲ. ಆದರೆ ಹೋದ ವರ್ಷದಿಂದ ಗಿರಾಕಿ ಕೇಳಿದ್ದೊಂದು, ಅವಳು ಕೊಟ್ಟಿದ್ದೊಂದು ಆಗತೊಡಗಿತ್ತು. ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದು ಬೇರೆ. ಪೂರ್ತಿ ಕಿವುಡಾದರೆ ಪೇಟೆ ಬಿಡಬೇಕಾದೀತೆಂದು ಹೆದರಿ, ಗಂಡ ಜಟ್ಟಪ್ಪನ ಜೊತೆ ಅಂಕೋಲೆಯ ಕಿವಿ ತಪಾಸಣೆ ಕೇಂದ್ರಕ್ಕೆ ಬಂದಳು.

ತಪಾಸಣೆ ಮಾಡುವ ಹುಡುಗಿ ಪ್ರಗತಿ ಅವಳನ್ನು ನಿಶ್ಶಬ್ದವಾದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಪ್ರಗತಿ ಸದ್ದನ್ನು ಇಳಿಸಿದಳು, ಏರಿಸಿದಳು. ಸುಬ್ಬಿ ಒತ್ತಿದ್ದು ದೊಡ್ಡ ಸದ್ದಿಗೆ ಮಾತ್ರ. ಆ ಲೆಕ್ಕದಲ್ಲಿ ಅವಳಿಗೆ ಎದುರು ಕೂತವರ ಮಾತೂ ಕೇಳಬಾರದಿತ್ತು. ಆದರೆ ಹೊರಗೆ ಬಂದವಳು ಪ್ರಗತಿಯ ಮೆಲುಮಾತಿಗೆ ತಟ್ಟನೆ ಉತ್ತರ ಕೊಟ್ಟಳು.

"ಸುಬ್ಬಕ್ಕಾ, ಸಣ್ಣ ಸದ್ದು ಒಂದೂ ಕೇಳ್ಲೇ ಇಲ್ವಾ?"

"ಕೇಳ್ದಾಂಗೆ ಆಯ್ತು ತಂಗಿ. ಅದು ನಿನ್ನ ಮಶಿನ್ನಿಂದೋ, ನನ್ನ ಕಿವಿಯ ಗುಂಯ್ಯೋ? ಖಾತ್ರಿ ಇಲ್ದೆ ಹ್ಯಾಂಗೆ ಒತ್ತೂದು?"

ಪ್ರಗತಿಗೆ ನಗು ಬಂತು. ಗುಂಡಿ ಅಳೆದದ್ದು ಕಿವಿಯನ್ನಷ್ಟೇ ಅಲ್ಲ, ಸುಬ್ಬಿಯ ಸ್ವಭಾವವನ್ನೂ.

ಹಾಗಾಗಿ ಇನ್ನೊಂದು ವಿಧಾನ ಹಿಡಿದಳು. ಮೊದಲು ಕೆಂಪು ದೀಪ, ಆಮೇಲೆ ಹಸಿರು ದೀಪ ಹತ್ತುತ್ತದೆ. ಸದ್ದು ಬರುವುದು ಒಂದರ ಜೊತೆ ಮಾತ್ರ. ಯಾವುದೆಂದು ಹೇಳಲೇಬೇಕು. ಗೊತ್ತಾಗದಿದ್ದರೆ ಊಹಿಸಬೇಕು. ಬರೀ ಊಹೆಯಾದರೆ ಅರ್ಧದಷ್ಟು ತಪ್ಪಾಗುತ್ತದೆ. ಅದಕ್ಕಿಂತ ಹೆಚ್ಚು ಸರಿಯಾದರೆ ಕಿವಿಗೆ ಕೇಳಿದೆ ಎಂದರ್ಥ.

"ಕೆಂಪು ಇರ್ಬೇಕು. ಇದು ಹಸಿರು, ಬರೀ ಅಂದಾಜು," ಎಂದು ಸುಬ್ಬಿ ಗೊಣಗುತ್ತಲೇ ಹೇಳಿದಳು. ಮೊದಲು ಕೈಬಿಟ್ಟಿದ್ದ ಸಣ್ಣ ಸದ್ದುಗಳಲ್ಲೂ ಅವಳ ಉತ್ತರ ಹೆಚ್ಚುಕಡಿಮೆ ಎಲ್ಲ ಸರಿಯಿತ್ತು.

"ಕಿವಿ ಸ್ವಲ್ಪ ಮಂದ ಆಗಿದೆ, ಅಷ್ಟೇ," ಎಂದಳು ಪ್ರಗತಿ. "ಕಿವಿಗೆ ಹಾಕೂ ಸಣ್ಣ ಮಶಿನ್ ಸಾಕು. ಪೇಟೆ ಬಿಡೂದು ಬ್ಯಾಡ."

ಸುಬ್ಬಿಯ ಮುಖ ಅರಳಿತು. ಜಟ್ಟಪ್ಪ ಮಾತ್ರ ಅನುಮಾನದಿಂದ ನೋಡಿದ.

"ಹಾಂಗಾರೆ ಮನೇಲಿ ನಾ ಚಾ ಕೇಳೂದು ನಿಂಗೆ ಕೇಳ್ತಿತ್ತೇನೇ?"

"ಕೇಳ್ತಿತ್ತು. ಕೆಲ್ಸ ಇತ್ತು."

ಪ್ರಗತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಜಟ್ಟಪ್ಪನೂ ನಕ್ಕುಬಿಟ್ಟ. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎರಡು ಚಾ ತಂದ.

ಕೆಲ ದಿನಗಳಲ್ಲಿ ಸುಬ್ಬಿ ಮಶಿನ್ ಹಾಕಿಕೊಂಡು ಪೇಟೆಗೆ ಹೋದಳು. ಪಕ್ಕದಲ್ಲಿ ಕೂರುವ ದುರ್ಗಾ ಮೀನು ಕೊಯ್ಯುತ್ತ ಸಣ್ಣಗೆ ಕೊಂಕಣಿ ಪದ ಹಾಡಿಕೊಳ್ಳುವುದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಮತ್ತೊಮ್ಮೆ ಹಾಡಿಸಿ, ತಾನೂ ದನಿಗೂಡಿಸಿದಳು.